ಅರ್ಧ ಸೂರ್ಯ

ತಪ್ಪು ನನ್ನದೇ. ಇಪ್ಪತ್ತು ಅಡಿ ಅಗಲ, ಎಂಟು ಅಡಿ ಎತ್ತರ,
ಚದರಡಿಗೆ ಹದಿನಾಲ್ಕು ರೂಪಾಯಿಯ ತಪ್ಪು.
ರಾಬರ್ಟ್‌ಸನ್‌ಪೇಟೆಯ ನನ್ನ ಫ್ಲೆಕ್ಸ್ ಅಂಗಡಿಗೆ
ರಾತ್ರಿ ಹತ್ತಕ್ಕೆ ಬಂದ ಎಬಿನೇಜರ್,
'ಸೆವೆನ್ಸ್ ಫೈನಲ್ಲಿಗೆ ಫಾರಿನ್ ಪ್ಲೇಯರು.
ಮಲಾವಿ ದೇಶ. ಬಾವುಟ ಹಾಕು, ಪಕ್ಕದಲ್ಲೊಂದು ಹುಲಿ ಹಾಕು' ಅಂದ.
ಮಲಾವಿ ಎಲ್ಲಿದೆಯೆಂದು ಅವನಿಗೂ ಗೊತ್ತಿರಲಿಲ್ಲ.
ಮೊಬೈಲಿನಲ್ಲಿ ಮೊದಲು ಸಿಕ್ಕಿದ್ದನ್ನು ಎಳೆದು ಕೂರಿಸಿದೆ:
ಕೆಂಪು, ಕಪ್ಪು, ಹಸಿರು ಪಟ್ಟೆ, ನಡುವೆ
ಸೆಟ್ ದೋಸೆಯಷ್ಟು ದುಂಡಗೆ ಒಂದು ಬಿಳಿ ಸೂರ್ಯ.

ಬೆಳಿಗ್ಗೆ ಟಮಕದ ಫಾರ್ಮಸಿ ಕಾಲೇಜಿನಿಂದ
ಎರಡು ಬಸ್ಸು ಬದಲಿಸಿ ಲಿಂಬಾನಿ ಬಂದ.
ಹುಡುಗರ ಬಾಯಲ್ಲಿ ಆಗಲೇ ಅವನು ಲಿಂಬೆಹಣ್ಣು.
ಸಯನೈಡ್ ದಿಬ್ಬದ ಕೆಳಗೆ, ಗೋಲ್ ಕಂಬದ ಹಿಂದೆ,
ಬೂಟಿನ ಚೀಲ ಹೆಗಲಿಂದ ಇಳಿಸದೆ
ನನ್ನ ಬೋರ್ಡನ್ನು ತುಂಬ ಹೊತ್ತು ನೋಡಿದ.
'ಒಂದು, ನಮ್ಮಲ್ಲಿ ಹುಲಿ ಇಲ್ಲ,' ಅಂದ
ಮೆಸ್ಸಿನಲ್ಲಿ ಕಲಿತ ಕನ್ನಡದಲ್ಲಿ.
'ಎರಡು, ಈ ಸೂರ್ಯನನ್ನು ಇಳಿಸಿ ಆಯಿತು.'

ಅವನಾಗ ಸಣ್ಣ ಕ್ಲಾಸು. ದೊಡ್ಡವರು ಯಾರೋ ಅಂದರಂತೆ:
ದೇಶ ಮುಂದುವರಿದಿದೆ, ಬಾವುಟದಲ್ಲಿ ಮಾತ್ರ
ಸೂರ್ಯ ಇನ್ನೂ ಹುಟ್ಟುತ್ತಲೇ ಇದ್ದರೆ
ನೋಡಿದವರು ಏನಂದುಕೊಂಡಾರು?
ಏರಿಸಿದರು. ಎರಡು ವರ್ಷ
ಶಾಲೆಯ ಕಂಬದ ತುದಿಯಲ್ಲಿ ಬರೀ ಮಧ್ಯಾಹ್ನ.
ಕೆಳಗೆ ಇವರು ಪ್ಲಾಸ್ಟಿಕ್ ಚೀಲ ಸುತ್ತಿ, ಹುರಿ ಬಿಗಿದು ಮಾಡಿದ
ಚೆಂಡು ಒದೆಯುತ್ತಿದ್ದರು. ಬಂಕಿನ ಮುಂದೆ ಪೆಟ್ರೋಲಿಗೆ ಸಾಲು.
ಆಮೇಲೆ ಹಳೆಯದೇ ವಾಪಸು ಬಂತು,
ಮೇಲಿನ ಕಪ್ಪಿನಲ್ಲಿ ಅರ್ಧ ಎದ್ದ ಕೆಂಪು ಸೂರ್ಯ.
'ಅಪ್ಪ ಚಾ ಕುಡೀತಿದ್ದ. ಸದ್ಯ, ಬೆಳಗಾಯಿತು ಅಂದ.'

ನಾನು ನಕ್ಕೆ. ಅವನು ನಗಲಿಲ್ಲ.
'ನಮ್ಮ ಬರ, ನಮ್ಮ ಪ್ರವಾಹ ತೋರಿಸುವಾಗ ಬಾವುಟ ತೋರಿಸೋಲ್ಲ.
ಆಟ ಇದ್ದಾಗ ಮಾತ್ರ. ಆಗಾದರೂ ಸರಿ ಇರಲಿ.'

ಹೊಸದು ಹೊಡೆಯಲು ಕರೆಂಟಿಲ್ಲ.
ಕರೆಂಟು ಮೊದಲು ಬಂದಿದ್ದೇ ನಮ್ಮೂರಿಗೆ ಎಂದು
ಅಜ್ಜ ಹೇಳುತ್ತಿದ್ದ, ಲಾಟೀನು ಒರೆಸುತ್ತ.
ಹೊರಗಿನವರು ಈಗಲೂ 'ಓ, ಚಿನ್ನ!' ಅನ್ನುತ್ತಾರೆ,
ನಾವೂ ಹೂಂ ಅನ್ನುತ್ತೇವೆ, ಟ್ಯಾಂಕರಿಗೆ ಕೊಡ ಸಾಲಿಟ್ಟು.

ಗೋಡೌನಿನಿಂದ ಹಳೆ ಫ್ಲೆಕ್ಸ್ ಎಳೆದು ತಂದೆವು.
ಕಪ್ಪು ಸಿಕ್ಕಿದ್ದು ಲೀಡರೊಬ್ಬರ ಹುಟ್ಟುಹಬ್ಬದಲ್ಲಿ:
ಅವರ ತಲೆಗೂದಲನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿದೆ.
ಕೆಂಪು, ಆಷಾಢ ಸೇಲಿನ ಸೀರೆ ಸೆರಗು.
ಮೂವತ್ತೊಂದು ಕಿರಣ ಬೇಕು ಅಂದ ಲಿಂಬಾನಿ,
ಹತ್ತೊಂಬತ್ತಕ್ಕೆ ಸೀರೆ ಮುಗಿಯಿತು.
'ಪರವಾಗಿಲ್ಲ. ಇನ್ನೂ ಏಳ್ತಾ ಇದೆಯಲ್ಲ.'
ಹುಲಿಯನ್ನು ಮುಚ್ಚಲು ಏನೂ ಉಳಿಯಲಿಲ್ಲ.

ಆಟ ಸೋತೆವು. ಮಾರಿಕುಪ್ಪಂ ಎರಡು, ನಾವು ಒಂದು.
ಆ ಒಂದನ್ನು ಹೊಡೆದವನು ಆಟೋ ಸೆಲ್ವಕುಮಾರ್,
ಚೆಂಡು ಕೊಟ್ಟವನು ಲಿಂಬಾನಿ. ಧೂಳೆದ್ದು
ಸಯನೈಡ್ ಮಣ್ಣು ಎಲ್ಲರನ್ನೂ ಒಂದೇ ಬಣ್ಣ ಮಾಡಿತ್ತು.
ಮೈಕಿನವನು 'ಆಫ್ರಿಕಾ! ಆಫ್ರಿಕಾ!' ಎಂದು ಕೂಗಿದ್ದಕ್ಕೆ
ಇವನು ಹೋಗಿ ಮೈಕನ್ನೇ ಕಿತ್ತುಕೊಂಡ:
'ಅಷ್ಟನ್ನೂ ನಾನೊಬ್ಬ ಹೊರಲಾರೆ. ಮಲಾವಿ.'
ಜನ ಕೂಗಿದರು, ಮಲಾವಿ, ಮಲಾವಿ,
ಮೂರನೇ ಸಲಕ್ಕೆ ಅದು 'ಮಳ ವಿ' ಆಗಿ,
ನಾಲ್ಕನೇ ಸಲಕ್ಕೆ ಮತ್ತೆ ಲಿಂಬೆಹಣ್ಣು.

ಈಗ ಆ ಬೋರ್ಡು ಮುನಿಲಕ್ಷ್ಮಮ್ಮನ ಬೋಂಡಾ ಗಾಡಿಗೆ ನೆರಳು.
ಬಿಸಿಲಿಗೆ ಗೋಂದು ಸಡಿಲಿ, ಕೂದಲಿನ ಕಪ್ಪು ಮಡಚಿ,
ಒಳಗಿನ ಬಿಳಿ ಸೂರ್ಯ ಒಂದು ಅಂಚು ಇಣುಕುತ್ತಾನೆ.
ಟೀಗೆ ಹೋದಾಗಲೆಲ್ಲ
ಸ್ಟೂಲು ಹತ್ತಿ
ಹೆಬ್ಬೆರಳಿಂದ ಒತ್ತಿ ಬರುತ್ತೇನೆ.